ಕಾನ್‌ಸ್ಟಂಟೈನ್ ಚಕ್ರವರ್ತಿಯೂ ಆತನ ಕಂಚಿನ ಕಾಸುಗಳೂ

ಪೂರ್ವಕಾಲದ ಅರಸರ ಚರಿತ್ರೆಯನ್ನು ತಿಳಿಯಬೇಕೆಂದು ಅಪೇಕ್ಷಿಸುವವರು ಗ್ರಂಥಗಳನ್ನು ಓದುವರು. ಅವರು ಕಟ್ಟಿಸಿದ ಮಂದಿರಗಳನ್ನೂ ಕೋಟೆಗಳನ್ನೂ ನೋಡುವರು. ಆದರೆ ಅರಸನೊಬ್ಬನು ತನ್ನ ಪ್ರಜೆಗಳಲ್ಲಿ ಅತ್ಯಂತ ಬಡವರಾದವರಿಗೆ ತನ್ನ ವಿಷಯವಾಗಿ ಏನನ್ನು ಹೇಳಬಯಸಿದನೆಂಬುದನ್ನು ತಿಳಿಯಬೇಕಾದರೆ ಅವನ ಕಾಸುಗಳನ್ನೇ ನೋಡತಕ್ಕದ್ದು. ಸುವರ್ಣ ನಾಣ್ಯವು ಅಧಿಕಾರಿಗಳ ಪೆಟ್ಟಿಗೆಯನ್ನೂ ಸೇನಾನಾಯಕರ ಚೀಲವನ್ನೂ ಸೇರುವುದು. ಕಂಚಿನ ಕಾಸಾದರೋ ರೊಟ್ಟಿಯನ್ನು ಮಾರುವವಳ ಕೈಗೂ, ಕೂಲಿಯವನ ಸೊಂಟದ ಗಂಟಿಗೂ, ವಿಧವೆಯ ಮಡಿಲಿಗೂ ಹೋಗುವುದು. ಅಕ್ಷರವನ್ನರಿಯದವನು ಸಹ ಅದರ ಮೇಲಣ ಚಿತ್ರವನ್ನು ನೋಡಿ ಅರ್ಥಮಾಡಿಕೊಳ್ಳುವನು. ಆದುದರಿಂದ ನಾವು ಈ ಲೇಖನದಲ್ಲಿ ರೋಮನ್ ಚಕ್ರವರ್ತಿಗಳಲ್ಲಿ ಬಹು ಪ್ರಸಿದ್ಧನಾದ ಕಾನ್‌ಸ್ಟಂಟೈನನ ಜೀವನವನ್ನು ಆತನ ಕಂಚಿನ ನಾಣ್ಯಗಳ ಬೆಳಕಿನಲ್ಲಿ ನಮ್ಮ ವಾಚಕರ ಮುಂದೆ ಇಡಲು ಯತ್ನಿಸುವೆವು.

ಆತನ ಕಾಲದ ಒಂದು ಕಾಸನ್ನು ಮೊದಲು ವರ್ಣಿಸೋಣ. ಅದು ಹೆಬ್ಬೆರಳಿನ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲ. ಒಂದು ಮಗ್ಗುಲಲ್ಲಿ ಚಕ್ರವರ್ತಿಯ ಮುಖವು ಪಾರ್ಶ್ವದಿಂದ ಕಾಣುವುದು. ಮತ್ತೊಂದು ಮಗ್ಗುಲಲ್ಲಿ ಇಬ್ಬರು ಸಿಪಾಯಿಗಳು ಎದುರುಬದುರಾಗಿ ನಿಂತಿರುವರು. ಅವರ ತಲೆಯ ಮೇಲೆ ಶಿರಸ್ತ್ರಾಣ, ಒಂದು ಕೈಯಲ್ಲಿ ಈಟಿ. ಮತ್ತೊಂದು ಕೈಯನ್ನು ನೆಲಕ್ಕೆ ಊರಿದ ಗುರಾಣಿಯ ಮೇಲಿಟ್ಟಿರುವರು. ಅವರಿಬ್ಬರ ನಡುವೆ ಸೇನೆಯ ಎರಡು ಧ್ವಜಗಳು ನೆಟ್ಟಿರುವುವು. ಸುತ್ತಲೂ ಗ್ಲೋರಿಯಾ ಎಕ್ಸೆರ್ಕಿಟುಸ್ ಎಂಬ ಲತೀನ್ ಪದಗಳಿರುವುವು. ಸೇನೆಯ ಕೀರ್ತಿಯೆಂದು ಅವುಗಳ ಅರ್ಥ. ಸಿಪಾಯಿಗಳ ಪಾದದ ಕೆಳಗೆ ಆ ಕಾಸು ಯಾವ ಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾಯಿತೆಂಬುದನ್ನು ತಿಳಿಸುವ ಕೆಲವು ಅಕ್ಷರಗಳಿರುವುವು. ಗಾಲ್ ದೇಶದ ಟ್ರಿಯರ್ ಪಟ್ಟಣ ಮೊದಲುಗೊಂಡು ಸಿರಿಯದ ಅಂತಿಯೋಕ್ಯ, ಐಗುಪ್ತದ ಅಲೆಕ್ಸಾಂದ್ರಿಯಗಳ ವರೆಗೂ ಟಂಕಸಾಲೆಗಳಲ್ಲಿ ಈ ಒಂದೇ ಚಿತ್ರವು ಅಚ್ಚಾಯಿತು. ಕಾದ ಲೋಹದ ಬಿಲ್ಲೆಯನ್ನು ಎರಡು ಉಕ್ಕಿನಂತೆ ಗಟ್ಟಿಯಾದ ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಒಂದೊಂದನ್ನೂ ಕೈಯಿಂದಲೇ ಮಾಡುತ್ತಿದ್ದರು. ಇಂಥವು ಇಂದಿಗೂ ಯೂರೋಪಿನ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುವಷ್ಟು ಹೇರಳವಾಗಿರುವುವು.

ಈ ಇಬ್ಬರು ಸಿಪಾಯಿಗಳನ್ನು ನಮ್ಮ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆವು. ನಮ್ಮ ಕಥೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಅವರು ಬರುವರು.

ಕಾನ್‌ಸ್ಟಂಟೈನನು ಕ್ರಿ.ಶ. 272ರ ಸುಮಾರಿನಲ್ಲಿ ನೈಸಸ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಅದು ಈಗಿನ ಸೆರ್ಬಿಯ ದೇಶದ ನಿಶ್ ಪಟ್ಟಣವು. ತಂದೆಯಾದ ಕಾನ್‌ಸ್ಟಾಂಟಿಯಸನು ಸೇನೆಯಲ್ಲಿ ಅಧಿಕಾರಿಯಾಗಿದ್ದನು. ತಾಯಿಯಾದ ಹೆಲೆನಾ ಎಂಬಾಕೆಯು ಕುಲೀನಳಲ್ಲ. ಪಥಿಕರು ಇಳಿದುಕೊಳ್ಳುವ ಛತ್ರದಲ್ಲಿ ಕೆಲಸಮಾಡುತ್ತಿದ್ದವಳೆಂದು ಮುಂದಣ ಶತಮಾನದ ಸಭಾಗುರುಗಳೇ ಬರೆದಿರುವರು. ಕಾನ್‌ಸ್ಟಾಂಟಿಯಸನು ಪದವಿಯಿಂದ ಪದವಿಗೆ ಏರಿದನು. ಆ ದಿನಗಳಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯು, ಇಷ್ಟು ವಿಸ್ತಾರವಾದ ರಾಜ್ಯವನ್ನು ಒಬ್ಬನೇ ಕಾಯುವುದು ಅಸಾಧ್ಯವೆಂದು ಕಂಡು, 293ರಲ್ಲಿ ಅದನ್ನು ನಾಲ್ವರಿಗೆ ಹಂಚಿಕೊಟ್ಟನು. ಇಬ್ಬರು ಹಿರಿಯ ಚಕ್ರವರ್ತಿಗಳು, ಇಬ್ಬರು ಕಿರಿಯ ಕೈಸರರು. ಪಶ್ಚಿಮದ ಕೈಸರನ ಪದವಿಯು ಕಾನ್‌ಸ್ಟಾಂಟಿಯಸನಿಗೆ ದೊರೆಯಿತು. ಆದರೆ ಆ ಉನ್ನತಿಗಾಗಿ ಆತನು ಹೆಲೆನಳನ್ನು ತ್ಯಜಿಸಿ, ಹಿರಿಯ ಚಕ್ರವರ್ತಿಯಾದ ಮ್ಯಾಕ್ಸಿಮಿಯನನ ಮನೆತನದ ಥಿಯೊಡೋರಾ ಎಂಬಾಕೆಯನ್ನು ವಿವಾಹವಾದನು. ಹೆಲೆನಳು ಬಹು ವರ್ಷಗಳ ಪರ್ಯಂತರ ಚರಿತ್ರೆಯಿಂದ ಮರೆಯಾದಳು. ಮಗನು ಪೂರ್ವದಿಕ್ಕಿನಲ್ಲಿ ನಿಕೊಮೇದಿಯ ಪಟ್ಟಣದ ಅರಮನೆಯಲ್ಲಿ ಬೆಳೆದನು. ಹೆಸರಿಗೆ ಆತನು ರಾಜಕುಮಾರನು. ವಸ್ತುತಃ ತಂದೆಯು ನಂಬಿಗಸ್ತನಾಗಿರಲೆಂದು ಇಟ್ಟುಕೊಂಡ ಒತ್ತೆಯಾಳು.

ಅಲ್ಲಿ ಆತನು ಕಂಡ ಸಂಗತಿಗಳಲ್ಲಿ ಒಂದನ್ನು ಹೇಳಲೇಬೇಕು. 303ನೆಯ ಇಸವಿಯಲ್ಲಿ ಡಯೋಕ್ಲೀಷಿಯನನು ಕ್ರೈಸ್ತರ ಮೇಲೆ ಘೋರವಾದ ಹಿಂಸೆಯನ್ನು ಆರಂಭಿಸಿದನು. ನಿಕೊಮೇದಿಯದಲ್ಲಿದ್ದ ಅವರ ಪ್ರಾರ್ಥನಾಲಯವು ನೆಲಸಮವಾಯಿತು, ವೇದಗ್ರಂಥಗಳು ಸುಡಲ್ಪಟ್ಟವು, ಅನೇಕರು ಪ್ರಾಣವನ್ನು ತೆತ್ತರು. ಮೂವತ್ತು ವರ್ಷ ವಯಸ್ಸಿನ ಕಾನ್‌ಸ್ಟಂಟೈನನು ಆಗ ಆ ಅರಮನೆಯ ಪರಿವಾರದಲ್ಲಿಯೇ ಇದ್ದನು. ಬಲಾತ್ಕಾರದಿಂದ ವಿಶ್ವಾಸವನ್ನು ಅಡಗಿಸಲಾಗದೆಂಬುದನ್ನು ನೋಡಲು ಆತನಿಗೆ ಅವಕಾಶವು ಧಾರಾಳವಾಗಿ ದೊರೆಯಿತು.

305ರಲ್ಲಿ ಹಿರಿಯ ಚಕ್ರವರ್ತಿಗಳಿಬ್ಬರೂ ಪಟ್ಟವನ್ನು ಬಿಟ್ಟುಕೊಟ್ಟರು. ಕಾನ್‌ಸ್ಟಂಟೈನನು ತಂದೆಯ ಬಳಿಗೆ ಹೋಗಿ, ಅವನೊಂದಿಗೆ ಬ್ರಿಟನ್ ದ್ವೀಪಕ್ಕೆ ದಾಟಿದನು. ಮರುವರ್ಷ, 306ರ ಜುಲೈ 25ರಂದು, ಈಗ ಯಾರ್ಕ್ ಎನಿಸಿಕೊಳ್ಳುವ ಪಟ್ಟಣದಲ್ಲಿ ತಂದೆಯು ಮೃತನಾದನು. ಅಲ್ಲಿದ್ದ ದಂಡು ಮಗನನ್ನೇ ಚಕ್ರವರ್ತಿಯೆಂದು ಕೂಗಿತು. ಡಯೋಕ್ಲೀಷಿಯನನ ಏರ್ಪಾಟಿನಲ್ಲಿ ಮಗನಿಗೆ ತಂದೆಯ ಪಟ್ಟವು ಹುಟ್ಟಿನಿಂದ ಬರತಕ್ಕದ್ದಲ್ಲ. ಸಿಪಾಯಿಗಳಿಗೆ ಅದನ್ನು ಕೊಡುವ ಅಧಿಕಾರವೂ ಇರಲಿಲ್ಲ. ಪೂರ್ವದ ಚಕ್ರವರ್ತಿಯು ಮನಸ್ಸಿಲ್ಲದೆ ಆತನನ್ನು ಕೈಸರನೆಂದು ಮಾತ್ರ ಒಪ್ಪಿಕೊಂಡನು. ಹೀಗೆ ಕಾನ್‌ಸ್ಟಂಟೈನನ ಸಿಂಹಾಸನಕ್ಕೆ ಮೊದಲ ಆಧಾರವು ಸಿಪಾಯಿಗಳ ಕೂಗು. ಸೇನೆಯು ಕೊಟ್ಟದ್ದನ್ನು ಸೇನೆಯೇ ಕಿತ್ತುಕೊಳ್ಳಬಲ್ಲದೆಂಬುದನ್ನು ಆತನು ಜೀವಮಾನವಿಡೀ ಮರೆಯಲಿಲ್ಲ. ಆತನ ಕಾಸುಗಳೇ ಇದಕ್ಕೆ ಸಾಕ್ಷಿ.

ಆ ವರ್ಷಗಳ ಆತನ ಕಂಚಿನ ನಾಣ್ಯಗಳಲ್ಲಿ ಯುದ್ಧದೇವನಾದ ಮಾರ್ಸನು ಈಟಿ ಗುರಾಣಿಗಳೊಡನೆ ನಿಂತಿರುವನು. 310ರಿಂದ ಈಚೆಗೆ ಕಿರಣಗಳ ಕಿರೀಟವನ್ನು ಧರಿಸಿದ ಸೂರ್ಯದೇವನು ಆ ಸ್ಥಾನವನ್ನು ಹಿಡಿದನು. ಸೋಲದ ಸೂರ್ಯನು ಚಕ್ರವರ್ತಿಯ ಸಂಗಾತಿಯೆಂದು ಅಲ್ಲಿ ಬರೆದಿದೆ. ಅಷ್ಟರಲ್ಲಿ ಆತನು ಮ್ಯಾಕ್ಸಿಮಿಯನನ ಮಗಳಾದ ಫೌಸ್ತಾ ಎಂಬ ಕನ್ಯೆಯನ್ನು 307ರಲ್ಲಿ ವಿವಾಹವಾಗಿದ್ದನು. ಮಿನರ್ವಿನಾ ಎಂಬಾಕೆಯಲ್ಲಿ ಅದಕ್ಕೆ ಮುಂಚೆಯೇ ಹುಟ್ಟಿದ್ದ ಕ್ರಿಸ್ಪಸ್ ಎಂಬ ಮಗನೂ ಆತನಿಗಿದ್ದನು.

312ರಲ್ಲಿ ಕಾನ್‌ಸ್ಟಂಟೈನನು ಆಲ್ಪ್ಸ್ ಪರ್ವತಗಳನ್ನು ದಾಟಿ, ರೋಮಾಪುರವನ್ನು ಹಿಡಿದಿದ್ದ ಮ್ಯಾಕ್ಸೆಂಟಿಯಸನ ಮೇಲೆ ದಂಡೆತ್ತಿ ಹೋದನು. ಈ ಮ್ಯಾಕ್ಸೆಂಟಿಯಸನು ಫೌಸ್ತಳ ಒಡಹುಟ್ಟಿದವನು. ಅಕ್ಟೋಬರ್ 28ರಂದು ಟೈಬರ್ ನದಿಯ ಮಿಲ್ವಿಯ ಸೇತುವೆಯ ಬಳಿ ಯುದ್ಧವು ನಡೆಯಿತು. ಮ್ಯಾಕ್ಸೆಂಟಿಯಸನ ಸೈನ್ಯವು ಮುರಿದು ಹಿಂದಕ್ಕೆ ಓಡಿತು. ಅವನು ನದಿಯಲ್ಲಿ ಮುಳುಗಿ ಸತ್ತನು. ಈ ಯುದ್ಧಕ್ಕೆ ಮುಂಚೆ ಕಾನ್‌ಸ್ಟಂಟೈನನು ಸ್ವಪ್ನದಲ್ಲಿ ಅಪ್ಪಣೆ ಪಡೆದು ಸಿಪಾಯಿಗಳ ಗುರಾಣಿಗಳ ಮೇಲೆ ಕ್ರಿಸ್ತನ ಗುರುತನ್ನು ಬರೆಸಿದನೆಂದು ಲಕ್ಟಾಂಟಿಯಸನು ಬರೆದಿರುವನು. ಆಕಾಶದಲ್ಲಿ ಬೆಳಕಿನ ಶಿಲುಬೆಯನ್ನು ಕಂಡನೆಂದು ಯುಸೇಬಿಯಸನು ಆತನ ಮರಣಾನಂತರ ಬರೆದಿರುವನು. ಇಬ್ಬರೂ ಆ ಕಾಲದವರೇ, ಇಬ್ಬರೂ ಕ್ರೈಸ್ತರೇ. ಆದರೂ ಅವರ ವರ್ಣನೆಗಳು ಬೇರೆ ಬೇರೆ. ಮುಂದಣ ವರ್ಷ ಮಿಲಾನ್ ಪಟ್ಟಣದಲ್ಲಿ ಪೂರ್ವದ ಲಿಸಿನಿಯಸನೊಂದಿಗೆ ಆತನು ಮಾಡಿಕೊಂಡ ಒಪ್ಪಂದದ ಫಲವು ಮಾತ್ರ ಸಂದೇಹವಿಲ್ಲದ್ದು. ಕ್ರೈಸ್ತರಿಗೂ ಇತರರೆಲ್ಲರಿಗೂ ತಮ್ಮ ತಮ್ಮ ಆರಾಧನೆಯಲ್ಲಿ ಸ್ವಾತಂತ್ರ್ಯವು ದೊರೆಯಿತು. ಕಸಿದುಕೊಂಡಿದ್ದ ಪ್ರಾರ್ಥನಾಸ್ಥಳಗಳು ಹಿಂದಿರುಗಿದವು.

ಇಲ್ಲಿ ಕಂಚಿನ ಕಾಸು ನಮಗೊಂದು ಆಶ್ಚರ್ಯವನ್ನು ತೋರಿಸುವುದು. ಇಂಥ ಮಹಾ ಬದಲಾವಣೆಯಾದ ಮೇಲೆ ಶಿಲುಬೆಯು ಕೂಡಲೇ ನಾಣ್ಯಗಳ ಮೇಲೆ ಬಂದಿರಬೇಕೆಂದು ನಾವು ಎಣಿಸುವೆವು. ಹಾಗಾಗಲಿಲ್ಲ. ಸೂರ್ಯದೇವನೇ ಇನ್ನೂ ಕೆಲವು ವರ್ಷ ಮುಂದುವರಿದು, 318ರ ಸುಮಾರಿಗೆ ಸಾಮಾನ್ಯ ಕಾಸುಗಳಿಂದ ಮರೆಯಾದನು. ಅವನ ಸ್ಥಳಕ್ಕೆ ಬಂದದ್ದು ಸೇನೆ. ವಿಜಯದೇವಿಯರಿಬ್ಬರು ಪೀಠದ ಮೇಲೆ ಗುರಾಣಿಯನ್ನಿಡುವ ಚಿತ್ರ; ಸೈನ್ಯದ ಧ್ವಜದ ಬುಡದಲ್ಲಿ ಇಬ್ಬರು ಸೆರೆಯಾಳುಗಳು ಕುಳಿತಿರುವ ಚಿತ್ರ; ಸರ್ಮಾಟಿಯರನ್ನು ಗೆದ್ದ ನೆನಪಿಗೆ 323ರಲ್ಲಿ ಹೊರಟ, ರೆಕ್ಕೆಗಳುಳ್ಳ ವಿಜಯದೇವಿಯು ಸೆರೆಯಾಳನ್ನು ಕಾಲಿನಿಂದ ಒತ್ತುವ ಚಿತ್ರ. ಸಂತೆಯಲ್ಲಿ ಸೊಪ್ಪನ್ನು ಕೊಳ್ಳುವ ಹೆಂಗಸಿನ ಅಂಗೈಯಲ್ಲಿ ಹೀಗೆ ಯಾವುದೋ ದೂರದೇಶದ ಸೆರೆಯಾಳೊಬ್ಬನು ಕೈಕಟ್ಟಿಸಿಕೊಂಡು ಕುಳಿತಿದ್ದನು. ರಾಜ್ಯದಲ್ಲಿ ಅನೇಕರು ಇನ್ನೂ ಹಳೆಯ ದೇವತೆಗಳನ್ನೇ ಪೂಜಿಸುತ್ತಿದ್ದರು. ಸಿಪಾಯಿಗಳಲ್ಲಿಯೂ ಅವರೇ ಬಹುಮಂದಿ. ಹಳೆಯವರಿಗೂ ಹೊಸಬರಿಗೂ ಸಮನಾಗಿ ಒಪ್ಪುವ ಚಿತ್ರವು ಸೇನೆಯೊಂದೇ ಆಗಿತ್ತೆಂದು ನಮಗೆ ತೋರುವುದು.

ಆತನ ಶಾಸನಗಳಲ್ಲಿ ದಯೆಯ ಗುರುತುಗಳು ಇಲ್ಲದಿಲ್ಲ. ಗಣಿಗಳಿಗೆ ದಂಡಿತರಾದವರ ಮುಖದ ಮೇಲೆ ಬರೆ ಹಾಕಕೂಡದೆಂದು ಆಜ್ಞೆಮಾಡಿದನು. ಬಡತನದಿಂದ ಕೂಸುಗಳನ್ನು ಕೊಲ್ಲದಂತೆ ತಂದೆತಾಯಿಗಳಿಗೆ ಬೊಕ್ಕಸದಿಂದ ಅನ್ನವಸ್ತ್ರಗಳನ್ನು ಕೊಡಿಸಿದನು. 321ರಲ್ಲಿ ಭಾನುವಾರವನ್ನು ನ್ಯಾಯಸ್ಥಾನಗಳಿಗೂ ಪಟ್ಟಣಗಳ ಕಸಬುಗಾರರಿಗೂ ವಿಶ್ರಾಂತಿಯ ದಿನವಾಗಿ ಮಾಡಿದನು. ಆದರೆ ಅದೇ ಕೈಯು ಬಹು ಕ್ರೂರವಾದ ದಂಡನೆಗಳನ್ನೂ ವಿಧಿಸಿತು. ಎರಡನ್ನೂ ಹೇಳದಿದ್ದರೆ ಚರಿತ್ರೆಯು ಸ್ತೋತ್ರವಾಗುವುದು.

ಲಿಸಿನಿಯಸನೊಂದಿಗಿನ ಸ್ನೇಹವು ಬಹುಕಾಲ ಉಳಿಯಲಿಲ್ಲ. ಕಾನ್‌ಸ್ಟಂಟೈನನು ತನ್ನ ತಂಗಿಯಾದ ಕಾನ್‌ಸ್ಟಾಂಟಿಯಳನ್ನು ಅವನಿಗೆ ಕೊಟ್ಟಿದ್ದರೂ ಇಬ್ಬರ ನಡುವೆ ಯುದ್ಧವು ಹುಟ್ಟಿತು. 324ರ ಜುಲೈ ತಿಂಗಳಲ್ಲಿ ಅಡ್ರಿಯಾನೊಪಲ್ ಎಂಬಲ್ಲಿ ಲಿಸಿನಿಯಸನು ಸೋತನು. ಅವನ ದೊಡ್ಡ ನೌಕಾಬಲವನ್ನು ಹೆಲ್ಲೆಸ್ಪಾಂಟ್ ಜಲಸಂಧಿಯಲ್ಲಿ ಒಡೆದವನು ಇನ್ನೂ ತರುಣನಾದ ಕ್ರಿಸ್ಪಸನು. ಆ ಸಮುದ್ರಜಯವೇ ತಂದೆಗೆ ಏಷ್ಯದ ದಾರಿಯನ್ನು ತೆರೆಯಿತು. ಸೆಪ್ಟೆಂಬರಿನಲ್ಲಿ ಲಿಸಿನಿಯಸನು ಕೊನೆಯದಾಗಿ ಸೋತು ಶರಣಾದನು. ಕಾನ್‌ಸ್ಟಾಂಟಿಯಳು ಅಣ್ಣನಲ್ಲಿ ಬೇಡಿಕೊಂಡು ಗಂಡನ ಪ್ರಾಣವನ್ನು ಉಳಿಸಿದಳು. ಆದರೆ ಮರುವರ್ಷವೇ ಅವನು ಕೊಲ್ಲಲ್ಪಟ್ಟನು. ಈಗ ಸಮಸ್ತ ರಾಜ್ಯಕ್ಕೂ ಕಾನ್‌ಸ್ಟಂಟೈನನೊಬ್ಬನೇ ಒಡೆಯನು.

ಈ ಸಮಯದಲ್ಲಿ ಹೊರಟ ಕಾಸುಗಳನ್ನು ನೋಡಿದರೆ ಆ ರಾಜಗೃಹವು ಎಷ್ಟು ಸೌಖ್ಯವಾಗಿತ್ತೆಂದು ತೋರುವುದು! ಕ್ರಿಸ್ಪಸನ ಕೆಲವು ಕಾಸುಗಳಲ್ಲಿ ಆ ಯುವಕನು ಶಿರಸ್ತ್ರಾಣವನ್ನು ಧರಿಸಿ, ಈಟಿಯನ್ನೂ ಗುರಾಣಿಯನ್ನೂ ಹಿಡಿದಿರುವನು. ತಂದೆಯ ಮತ್ತು ಮಕ್ಕಳ ಹೆಸರಿನಲ್ಲಿ ಹೊರಟ ಮತ್ತೊಂದು ಬಗೆಯ ಕಾಸಿನಲ್ಲಿ ಕಲ್ಲಿನಿಂದ ಕಟ್ಟಿದ ದ್ವಾರ, ಮೇಲೆ ಎರಡು ಗೋಪುರಗಳು, ಅವುಗಳ ನಡುವೆ ಒಂದು ನಕ್ಷತ್ರ. ಇದನ್ನು ಸೇನೆಯ ಪಾಳೆಯದ ಬಾಗಿಲೆಂದು ಕೆಲವರು, ಗಡಿಯ ಕಾವಲುಕೋಟೆಯೆಂದು ಕೆಲವರು ಹೇಳುವರು. ಚಕ್ರವರ್ತಿಯ ಮುಂದಾಲೋಚನೆಯಿಂದ ನೀವು ಸುರಕ್ಷಿತರಾಗಿದ್ದೀರೆಂಬುದೇ ಅದರ ಸಾರಾಂಶ. ಹೆಲೆನಳಿಗೂ ಫೌಸ್ತಳಿಗೂ 324ರಲ್ಲಿ ಅಗಸ್ತಾ ಎಂಬ ಮಹಾರಾಣಿಯ ಪದವಿಯು ದೊರೆಯಿತು. ಒಮ್ಮೆ ತ್ಯಜಿಸಲ್ಪಟ್ಟಿದ್ದ ತಾಯಿಯ ಮುಖವು ಈಗ ರಾಜ್ಯದ ಎಲ್ಲಾ ಸಂತೆಗಳಲ್ಲಿಯೂ ಓಡಾಡಿತು. ಅದರ ಹಿಂದುಗಡೆ ರೆಂಬೆಯೊಂದನ್ನು ಹಿಡಿದು ನಿಂತ ಸ್ತ್ರೀಯೂ, ರಾಜ್ಯದ ಭದ್ರತೆಯೆಂಬ ಪದಗಳೂ ಇರುವುವು. ಫೌಸ್ತಳ ಕಾಸಿನಲ್ಲಿ ತಾಯಿಯೊಬ್ಬಳು ಎರಡು ಕೂಸುಗಳನ್ನು ಎದೆಗೆ ಅಪ್ಪಿಕೊಂಡಿರುವಳು.

325ರಲ್ಲಿ ಚಕ್ರವರ್ತಿಯು ನೈಸಿಯ ಪಟ್ಟಣದಲ್ಲಿ ಸಭಾಧ್ಯಕ್ಷರ ಮಹಾಸಭೆಯನ್ನು ಕೂಡಿಸಿದನು. ಅಲ್ಲಿಗೆ ಬಂದವರಲ್ಲಿ ಹಿಂಸೆಯ ಕಾಲದಲ್ಲಿ ಅಂಗಹೀನರಾದವರೂ ಇದ್ದರು. ಆತನ ಕೀರ್ತಿಯು ಆಗ ಶಿಖರವನ್ನು ಮುಟ್ಟಿತ್ತು.

ಮರುವರ್ಷ, 326ರಲ್ಲಿ, ಆತನು ಕ್ರಿಸ್ಪಸನನ್ನು ಕೊಲ್ಲಿಸಿದನು. ಹೆಲ್ಲೆಸ್ಪಾಂಟಿನ ವೀರನು ಆಡ್ರಿಯಾಟಿಕ್ ಸಮುದ್ರತೀರದ ಪೋಲಾ ಪಟ್ಟಣದಲ್ಲಿ ತಂದೆಯ ಆಜ್ಞೆಯಿಂದ ಪ್ರಾಣಬಿಟ್ಟನು. ಸ್ವಲ್ಪ ಕಾಲದಲ್ಲಿಯೇ ಫೌಸ್ತಳೂ ಮೃತಳಾದಳು. ಅದಕ್ಕೂ ಗಂಡನೇ ಕಾರಣನೆಂದು ಪ್ರಾಚೀನ ಲೇಖಕರು ಬರೆದಿರುವರು. ಅಪರಾಧವೇನೆಂಬುದನ್ನು ಅರಮನೆಯು ಲೋಕಕ್ಕೆ ತಿಳಿಸಲಿಲ್ಲ. ಮುಂದಿನ ತಲೆಗಳವರು ಬಗೆಬಗೆಯ ಕಥೆಗಳನ್ನು ಹೇಳಿದರು. ಆದರೆ ಕ್ರಿಸ್ಪಸನನ್ನು ಒಮ್ಮೆ ಹೊಗಳಿದ್ದ ಯುಸೇಬಿಯಸನು ಚಕ್ರವರ್ತಿಯ ಜೀವನಚರಿತ್ರೆಯಲ್ಲಿ ಅವನ ಹೆಸರನ್ನೇ ಎತ್ತಲಿಲ್ಲ. ಶಿಲಾಲೇಖಗಳಿಂದ ಇಬ್ಬರ ಹೆಸರುಗಳೂ ಉಳಿಯಿಂದ ಅಳಿಸಲ್ಪಟ್ಟವು. ಟಂಕಸಾಲೆಗಳಲ್ಲಿ ಅವರ ಅಚ್ಚುಗಳು ಸುಮ್ಮನಾದವು. ಆದರೆ ಜನರ ಕೈಸೇರಿದ ಕಾಸುಗಳನ್ನು ಹಿಂದಕ್ಕೆ ಕರೆಯುವುದು ಯಾರಿಗೆ ಸಾಧ್ಯ? ಎರಡು ಕೂಸುಗಳನ್ನು ಅಪ್ಪಿಕೊಂಡ ಆ ತಾಯಿಯೂ, ಈಟಿ ಹಿಡಿದ ಆ ಯುವಕನೂ ಇಂದಿನವರೆಗೂ ಉಳಿದಿರುವರು.

ಇದಾದ ಬಳಿಕ ವೃದ್ಧೆಯಾದ ಹೆಲೆನಳು ಪರಿಶುದ್ಧ ದೇಶಕ್ಕೆ ಯಾತ್ರೆ ಹೋದಳು. ಬೇತ್ಲೆಹೇಮಿನಲ್ಲಿಯೂ ಎಣ್ಣೆಮರಗಳ ಗುಡ್ಡದಲ್ಲಿಯೂ ದೇವಾಲಯಗಳನ್ನು ಪ್ರತಿಷ್ಠಿಸಿದಳು. ದಾರಿಯುದ್ದಕ್ಕೂ ಬಡವರಿಗೆ ದಾನಮಾಡಿ, ಸೆರೆಯಲ್ಲಿದ್ದವರನ್ನೂ ಗಣಿಗಳಲ್ಲಿ ದುಡಿಯುತ್ತಿದ್ದವರನ್ನೂ ಬಿಡಿಸಿದಳು. ಮೊಮ್ಮಗನನ್ನು ಕಳೆದುಕೊಂಡ ಆಕೆಯ ಹೃದಯವನ್ನು ಯಾವ ಗ್ರಂಥವೂ ತೆರೆದು ತೋರಿಸಿಲ್ಲ. ಆಕೆಯು ಸುಮಾರು ಎಂಬತ್ತು ವರ್ಷ ವಯಸ್ಸಿನಲ್ಲಿ ಮಗನ ಸನ್ನಿಧಿಯಲ್ಲಿ ತೀರಿಕೊಂಡಳು.

327ರಲ್ಲಿ ಹೊಸ ರಾಜಧಾನಿಯ ಟಂಕಸಾಲೆಯಲ್ಲಿ ಒಂದು ವಿಶೇಷವಾದ ಕಂಚಿನ ಕಾಸು ಅಚ್ಚಾಯಿತು. ಅದರಲ್ಲಿ ಸೇನೆಯ ಧ್ವಜವೊಂದರ ತುದಿಯಲ್ಲಿ ಕ್ರಿಸ್ತನ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರಗಳ ಗುರುತಿದೆ; ಧ್ವಜದ ಬುಡವು ಸರ್ಪವೊಂದನ್ನು ಚುಚ್ಚುತ್ತಲಿದೆ. ಆ ಗುರುತೇ ಚಿತ್ರದ ಮುಖ್ಯ ವಿಷಯವಾಗಿ ಬಂದ ಆತನ ಕಂಚಿನ ನಾಣ್ಯವು ಇದು. ಸಂಖ್ಯೆಯಲ್ಲಿ ಬಹು ಅಲ್ಪ. ಅಲ್ಲಿಯೂ ಕ್ರಿಸ್ತನ ಗುರುತು ಬಂದದ್ದು ದಂಡಿನ ಧ್ವಜದ ಮೇಲೆಯೇ ಎಂಬುದನ್ನು ಗಮನಿಸಬೇಕು.

330ರ ಮೇ 11ರಂದು ಬಾಸ್ಫೊರಸ್ ಜಲಸಂಧಿಯ ದಡದಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಪ್ರತಿಷ್ಠೆಯು ನಡೆಯಿತು. ಅದರ ಸ್ಮರಣಾರ್ಥವಾಗಿ ಎರಡು ಬಗೆಯ ಕಾಸುಗಳು ಹೊರಟವು. ಹಳೆಯ ರೋಮಾಪುರದ ಕಾಸಿನಲ್ಲಿ ಹೆಣ್ಣುತೋಳವು ಇಬ್ಬರು ಅವಳಿ ಶಿಶುಗಳಿಗೆ ಹಾಲೂಡಿಸುವುದು. ಹೊಸ ನಗರದ ಕಾಸಿನಲ್ಲಿ ನಗರವೇ ಶಿರಸ್ತ್ರಾಣವನ್ನು ಧರಿಸಿದ ಸ್ತ್ರೀಯಾಗಿರುವುದು. ಹಿಂದುಗಡೆ ವಿಜಯದೇವಿಯು ಹಡಗಿನ ಮೂತಿಯ ಮೇಲೆ ಕಾಲಿಟ್ಟು ನಿಂತಿರುವಳು. ಈ ಹಡಗು 324ರ ಸಮುದ್ರಜಯವನ್ನು ನೆನಪಿಸುವುದೆಂದು ವಿದ್ವಾಂಸರು ಎಣಿಸುವರು. ಹಾಗಿದ್ದರೆ ಇದೆಂಥ ವಿಚಿತ್ರ! ಜಯವು ಲಕ್ಷಾಂತರ ಕಾಸುಗಳ ಮೇಲೆ ಮೆರೆಯಿತು. ಜಯಿಸಿದವನ ಹೆಸರನ್ನು ಉಚ್ಚರಿಸಲು ಯಾರಿಗೂ ಧೈರ್ಯವಿರಲಿಲ್ಲ.

ಅದೇ ವರ್ಷ ನಮ್ಮ ಇಬ್ಬರು ಸಿಪಾಯಿಗಳು ಕಾಣಿಸಿಕೊಂಡರು. ಚಕ್ರವರ್ತಿಯ ಹೆಸರಿನಲ್ಲಿಯೂ, ಉಳಿದ ಮೂವರು ಮಕ್ಕಳ ಹೆಸರಿನಲ್ಲಿಯೂ, 335ರಲ್ಲಿ ಕೈಸರನಾದ ತಮ್ಮನ ಮಗ ಡೆಲ್ಮೇಷಿಯಸನ ಹೆಸರಿನಲ್ಲಿಯೂ ಸೇನೆಯ ಕೀರ್ತಿಯು ಅಚ್ಚಾಗುತ್ತಲೇ ಹೋಯಿತು. ಕೀರ್ತಿಯು ಬೆಳೆದಂತೆ ಕಾಸು ಮಾತ್ರ ಕುಗ್ಗಿತು. ಡಯೋಕ್ಲೀಷಿಯನನು ಹೊರಡಿಸಿದ್ದ ಕಂಚಿನ ನಾಣ್ಯವು ಸುಮಾರು 10 ಗ್ರಾಂ ತೂಗುತ್ತಿತ್ತು. ಅದೇ ವಂಶದ ನಾಣ್ಯವು 313ರ ಹೊತ್ತಿಗೆ 3 ಗ್ರಾಂಗಿಂತ ಸ್ವಲ್ಪ ಹೆಚ್ಚು. 330ರಲ್ಲಿ ಸುಮಾರು ಎರಡೂವರೆ ಗ್ರಾಂ. 336ರಲ್ಲಿ ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು. ಕಂಚಿನಲ್ಲಿ ಬೆರೆಸುತ್ತಿದ್ದ ಬೆಳ್ಳಿಯ ಅಂಶವೂ ಕಡಿಮೆಯಾಯಿತು. ಕೊನೆಗೆ ಸಿಪಾಯಿಗಳ ನಡುವೆ ಎರಡು ಧ್ವಜಗಳಿಗೆ ಸ್ಥಳ ಸಾಲದೆ ಒಂದೇ ಧ್ವಜವು ಉಳಿಯಿತು!

ಇದಕ್ಕೆ ಪ್ರತಿಯಾಗಿ ಆತನ ಸುವರ್ಣ ನಾಣ್ಯವು ಅಚಲವಾಗಿತ್ತು. ಸಾಲಿಡಸ್ ಎಂಬ ಅದನ್ನು ಒಂದು ರೋಮನ್ ಪೌಂಡು ಬಂಗಾರಕ್ಕೆ 72ರಂತೆ ಅಚ್ಚುಮಾಡಿದರು; ಒಂದೊಂದೂ ಸುಮಾರು ನಾಲ್ಕೂವರೆ ಗ್ರಾಂ. ಆ ಅಳತೆಯು ಹನ್ನೊಂದನೆಯ ಶತಮಾನದ ವರೆಗೂ ಹೆಚ್ಚು ಕಡಿಮೆ ಹಾಗೆಯೇ ನಿಂತಿತು. ಸೇನೆಗೆ ಕೊಡುವ ಬಹುಮಾನವು ಈ ಬಂಗಾರದಲ್ಲಿ ಸಲ್ಲುತ್ತಿತ್ತು. ಬಡವನ ಕೈಯಲ್ಲಿದ್ದ ಕಂಚು ದಿನೇ ದಿನೇ ಬೆಲೆಗೆಡುತ್ತಿತ್ತು. ಅದೇ ಶತಮಾನದಲ್ಲಿ ಹೆಸರನ್ನು ತಿಳಿಸದೆ ಗ್ರಂಥವನ್ನು ಬರೆದ ಒಬ್ಬನು, ಕಾನ್‌ಸ್ಟಂಟೈನನ ಕಾಲದಲ್ಲಿ ಬಂಗಾರವು ಹರಿದಾಡಿದುದರಿಂದ ಧನಿಕರ ಆಶೆಯು ಬೆಳೆದು ಬಡವರ ಮೇಲಣ ಪೀಡನೆಯು ಹೆಚ್ಚಿತೆಂದು ದೂರಿರುವನು. ಸೇನೆಯ ಕೀರ್ತಿಗೆ ಬೆಲೆಯನ್ನು ಕೊಟ್ಟವರು ಯಾರೆಂಬುದನ್ನು ಆ ಕಾಸಿನ ತೂಕವೇ ಹೇಳುವುದು.

337ರಲ್ಲಿ ಚಕ್ರವರ್ತಿಯು ಪಾರಸಿಕರ ಮೇಲೆ ಯುದ್ಧಕ್ಕೆ ಸಿದ್ಧನಾಗುತ್ತಿರುವಾಗ ರೋಗಪೀಡಿತನಾದನು. ಇಷ್ಟು ವರ್ಷ ಕ್ರೈಸ್ತರಿಗೆ ಪೋಷಕನಾಗಿದ್ದರೂ ಆತನು ಇನ್ನೂ ದೀಕ್ಷಾಸ್ನಾನವನ್ನು ಹೊಂದಿರಲಿಲ್ಲ. ಮರಣವು ಸಮೀಪಿಸುವ ವರೆಗೆ ಅದನ್ನು ತಡೆಯುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ನಿಕೊಮೇದಿಯದ ಬಳಿ ದೀಕ್ಷೆಯನ್ನು ಪಡೆದು, ಅನಂತರ ರಾಜವರ್ಣದ ವಸ್ತ್ರಗಳನ್ನು ಮತ್ತೆ ಉಡಲೊಲ್ಲದೆ, ಬಿಳಿಯ ಉಡುಪಿನಲ್ಲಿಯೇ ಮೇ 22ರಂದು ಪ್ರಾಣಬಿಟ್ಟನು. ಯಾವ ಪಟ್ಟಣದ ಅರಮನೆಯಲ್ಲಿ ಯೌವನದಲ್ಲಿ ಹಿಂಸೆಯನ್ನು ಕಂಡಿದ್ದನೋ ಆ ಪಟ್ಟಣದ ಸಮೀಪದಲ್ಲಿಯೇ ಆತನ ಯಾತ್ರೆಯು ಮುಗಿಯಿತು. ತಾನು ಕಟ್ಟಿದ ನಗರದಲ್ಲಿ ಅಪೊಸ್ತಲರ ದೇವಾಲಯದಲ್ಲಿ ಆತನನ್ನು ಸಮಾಧಿಮಾಡಿದರು.

ಆ ಬೇಸಗೆಯಲ್ಲಿಯೇ ಕಾನ್‌ಸ್ಟಾಂಟಿನೋಪಲಿನ ಸಿಪಾಯಿಗಳು ಎದ್ದರು. ಚಕ್ರವರ್ತಿಯ ಮಕ್ಕಳ ಹೊರತಾಗಿ ಬೇರೆ ಯಾರೂ ತಮ್ಮನ್ನು ಆಳಕೂಡದೆಂದು ಹೇಳಿ, ಥಿಯೊಡೋರಳ ಸಂತತಿಯವರಾದ ಆತನ ತಮ್ಮಂದಿರನ್ನೂ ಅವರ ಮಕ್ಕಳನ್ನೂ ಕೊಂದರು. ಹತರಾದವರಲ್ಲಿ ಡೆಲ್ಮೇಷಿಯಸನೂ ಒಬ್ಬನು. ಎರಡು ವರ್ಷಗಳಿಂದ ಆ ಯುವಕನ ಕಾಸುಗಳ ಮೇಲೆ ಇಬ್ಬರು ಸಿಪಾಯಿಗಳು ಕಾವಲುಗಾರರಂತೆ ನಿಂತಿದ್ದರು. ಅವನ ಪ್ರಾಣವನ್ನು ತೆಗೆದವರೂ ಸಿಪಾಯಿಗಳೇ. ಬಾಲಕರಾದ ಗಾಲಸ್ ಮತ್ತು ಜೂಲಿಯನ್ ಎಂಬಿಬ್ಬರು ಮಾತ್ರ ಉಳಿದುಕೊಂಡರು. ಚಕ್ರವರ್ತಿಯ ಮೂವರು ಮಕ್ಕಳೂ ರಾಜ್ಯವನ್ನು ಹಂಚಿಕೊಂಡರು. 340ರಲ್ಲಿ ಒಬ್ಬನು ತಮ್ಮನ ರಾಜ್ಯದ ಮೇಲೆ ದಂಡೆತ್ತಿ ಹೋಗಿ ಹತನಾದನು. 350ರಲ್ಲಿ ಆ ತಮ್ಮನನ್ನು ಅವನ ಸೇನೆಯಲ್ಲೇ ಎದ್ದ ದ್ರೋಹಿಯ ಕಡೆಯವರು ಕೊಂದರು. ಯಾರ್ಕ್ ಪಟ್ಟಣದಲ್ಲಿ ಕೂಗಿ ಪಟ್ಟವನ್ನು ಕೊಟ್ಟ ಬಲವು ಹೀಗೆ ಮುಂದಿನ ತಲೆಯಲ್ಲಿ ತನ್ನ ಸಾಲವನ್ನು ವಸೂಲುಮಾಡಿತು.

ಆತನ ಮರಣಾನಂತರ ಮಕ್ಕಳು ಹೊರಡಿಸಿದ ಒಂದು ಚಿಕ್ಕ ಕಾಸಿನಲ್ಲಿ ಸಿಪಾಯಿಗಳೂ ಇಲ್ಲ, ಸೆರೆಯಾಳುಗಳೂ ಇಲ್ಲ. ಒಂದು ಮಗ್ಗುಲಲ್ಲಿ ಮುಸುಕುಹಾಕಿದ ಚಕ್ರವರ್ತಿಯ ತಲೆ. ಮತ್ತೊಂದರಲ್ಲಿ ಆತನು ನಾಲ್ಕು ಕುದುರೆಗಳ ರಥದಲ್ಲಿ ಮೇಲಕ್ಕೆ ಹೋಗುತ್ತಿರುವನು. ಆಕಾಶದಿಂದ ಒಂದು ಹಸ್ತವು ಆತನ ಕಡೆಗೆ ಚಾಚಿರುವುದು. ಅದೇ ವರ್ಷಗಳಲ್ಲಿ ಹೆಲೆನಳ ಹೆಸರಿನಲ್ಲಿ ಶಾಂತಿಯ ಚಿತ್ರವುಳ್ಳ ಕಾಸೂ, ಥಿಯೊಡೋರಳ ಹೆಸರಿನಲ್ಲಿ ಮಗುವನ್ನು ಎತ್ತಿಕೊಂಡ ತಾಯಿಯ ಚಿತ್ರವುಳ್ಳ ಕಾಸೂ ಹೊರಟವು. ಬದುಕಿರುವಾಗ ಒಬ್ಬಳ ಏಳಿಗೆಗಾಗಿ ಒಬ್ಬಳು ಬೀಳಬೇಕಾಗಿದ್ದ ಇಬ್ಬರು ಸ್ತ್ರೀಯರು ಸತ್ತ ಮೇಲೆ ಒಂದೇ ಚೀಲದಲ್ಲಿ ಸಂಗಡಿಗರಾದರು.

ಈ ಕಾಸುಗಳು ನಮಗೆ ತೀರ ಪರದೇಶದವುಗಳಲ್ಲ. ನಮ್ಮ ನಾಡಿನ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ಸಿಕ್ಕ ರೋಮನ್ ನಾಣ್ಯಗಳು ಇನ್ನೂ ಹಿಂದಿನ ಕೈಸರರ ಬೆಳ್ಳಿಯವು. ಹಾನಗಲ್ಲಿನ ಕಡೆಯ ಅಕ್ಕಿ ಆಲೂರಿನಲ್ಲಿ ಸಿಕ್ಕವು ಮುಂದಿನ ಶತಮಾನಗಳ ಬಂಗಾರದವು. ಆದರೆ ತಮಿಳುನಾಡಿನ ಮಧುರೆಯಲ್ಲಿಯೂ, ಕರೂರಿನ ಅಮರಾವತಿ ನದಿಯ ಮರಳಿನಲ್ಲಿಯೂ, ಸಿಂಹಳ ದ್ವೀಪದಲ್ಲಿಯೂ ನಾಲ್ಕು ಐದನೆಯ ಶತಮಾನಗಳ ರೋಮನ್ ಕಂಚಿನ ಕಾಸುಗಳು ಬಹಳವಾಗಿ ಸಿಕ್ಕಿರುವುವು. ನಮ್ಮ ಇಬ್ಬರು ಸಿಪಾಯಿಗಳೂ ಅವುಗಳಲ್ಲಿ ಇರುವರು; ಕೈಯಿಂದ ಕೈಗೆ ಹೋಗಿ ಸವೆದು, ಈಟಿಯಾವುದು ಧ್ವಜವಾವುದು ಎಂದು ತಿಳಿಯದಂತಾಗಿರುವರು.

ಕಾನ್‌ಸ್ಟಂಟೈನನನ್ನು ಮಹಾಪುರುಷನೆಂದು ಲೋಕವು ಕರೆದಿರುವುದು; ಹಿಂಸೆಯನ್ನು ನಿಲ್ಲಿಸಿದ ಆತನ ಉಪಕಾರವನ್ನು ನಾವು ಅಲ್ಲಗಳೆಯಲಾರೆವು. ಆದರೆ ಆತನ ಕಾಸಿನ ಮೇಲಿರುವುದನ್ನು ಮಾತ್ರ ಓದಿದರೆ ನಮಗೆ ಜಯಧ್ವಜವೂ ಭದ್ರವಾದ ದ್ವಾರವೂ ಸುಖಿಯಾದ ಕುಟುಂಬವೂ ಕಾಣುವುವು. 326ನೆಯ ವರ್ಷವು ಕಾಣುವುದಿಲ್ಲ. ಅಚ್ಚುಹಾಕಿದ ಮಾತನ್ನು ಓದುವಾಗ ಅಚ್ಚಿನಿಂದ ಬಿಟ್ಟುಹೋದ ಹೆಸರನ್ನೂ ಕೇಳುವುದು, ಕೀರ್ತಿಯನ್ನು ನೋಡುವಾಗ ಅದರ ತೂಕವನ್ನೂ ನೋಡುವುದು, ಚರಿತ್ರೆಯನ್ನು ಕಲಿಯುವವರ ಕರ್ತವ್ಯವು. ನಮ್ಮ ಶಾಲೆಯ ಸೋದರಿಯರು ಮುಂದೆ ಎಂಥ ಮಹಾತ್ಮರ ಜೀವನವನ್ನು ಓದಿದರೂ ಈ ಎರಡು ಪ್ರಶ್ನೆಗಳನ್ನು ಸಂಗಡ ಇಟ್ಟುಕೊಳ್ಳುವರೆಂದು ಆಶಿಸಿ ನಮ್ಮ ಲೇಖನವನ್ನು ಮುಗಿಸುವೆವು.